ಕೈಹಿಡಿಯುವ ವಿದ್ಯೆ

ಕನ್ನಡದಲ್ಲಿ ಕೈ ಎಂಬ ಒಂದಕ್ಷರದ ಶಬ್ದವು ಬೇರೆ ಬೇರೆ ಕ್ರಿಯಾಪದಗಳೊಡನೆ ಕೂಡಿ ಪಡೆದಿರುವ ಅರ್ಥವೈವಿಧ್ಯವು ವಿಚಾರಶೀಲರ ಗಮನಕ್ಕೆ ಬಾರದೆ ಇರದು. ಕೈಹಿಡಿಯುವುದೆಂದರೆ ವಿವಾಹವಾಗುವುದು, ಕೈಹಿಡಿದು ನಡೆಸುವುದೆಂದರೆ ಕಾಪಾಡುವುದು, ಕೈವಶವಾಗುವುದೆಂದರೆ ಅಧೀನವಾಗುವುದು, ಕೈಗೂಡುವುದೆಂದರೆ ಸಿದ್ಧಿಸುವುದು, ಕೈಬಿಡುವುದೆಂದರೆ ತ್ಯಜಿಸುವುದು. ಕೈಕೊಡುವುದೆಂಬ ಒಂದೇ ಮಾತಿಗೆ ನೆರವಾಗುವುದೆಂದೂ ಅರ್ಥವುಂಟು, ನಂಬಿದವರನ್ನು ನಡುನೀರಿನಲ್ಲಿ ಬಿಡುವುದೆಂದೂ ಅರ್ಥವುಂಟು. ಮನುಷ್ಯಸಂಬಂಧಗಳ ಒಳಿತು ಕೆಡಕುಗಳನ್ನು ಜನರು ಕೈಯಲ್ಲಿಯೇ ಗುರುತಿಸಿಕೊಂಡು ಬಂದಿದ್ದಾರೆಂಬುದಕ್ಕೆ ಈ ಮಾತುಗಳೇ ಸಾಕ್ಷಿ. ಆದರೆ ಮತ್ತೊಬ್ಬರ ಕೈಯನ್ನು ಹೇಗೆ ಹಿಡಿಯಬೇಕು, ಎಷ್ಟು ಬಿಗಿಯಾಗಿ ಹಿಡಿಯಬೇಕು, ಯಾವಾಗ ಬಿಡಬೇಕು ಎಂಬುದನ್ನು ಕಲಿಯತಕ್ಕ ವಿದ್ಯೆಯೆಂದು ಎಣಿಸುವವರು ವಿರಳ. ಅದನ್ನು ಮೊದಲ ಪಾಠವಾಗಿಟ್ಟುಕೊಂಡು ಶತಮಾನಗಳಿಂದ ಬೋಧಿಸುತ್ತ ಬಂದವರು ಪಾಶ್ಚಾತ್ಯ ದೇಶಗಳ ಜೋಡಿನೃತ್ಯದ ಶಿಕ್ಷಕರು.

ಸ್ತ್ರೀಪುರುಷರು ಇಬ್ಬಿಬ್ಬರಾಗಿ ಕೈಹಿಡಿದು ಕುಣಿಯುವ ಈ ಪದ್ಧತಿಯು ಹಲವರಿಗೆ ಬರಿಯ ವಿಲಾಸವಾಗಿ ಕಾಣುವುದು ಸಹಜವೇ. ಅದನ್ನು ಹೊಗಳುವುದಾಗಲಿ ತೆಗಳುವುದಾಗಲಿ ಇಲ್ಲಿಯ ಉದ್ದೇಶವಲ್ಲ. ಆ ಕಲೆಯ ಪ್ರಥಮ ಪಾಠದಲ್ಲಿಯೇ ಧರ್ಮಜಿಜ್ಞಾಸೆಗೆ ಸಂಬಂಧಿಸಿದ ಒಂದು ಪ್ರಶ್ನೆಯು ಅಡಗಿಕೊಂಡಿದೆ. ಒಬ್ಬನು ಮತ್ತೊಬ್ಬರನ್ನು ನಡೆಸಿಕೊಂಡು ಹೋಗುವಾಗ ಆ ಮತ್ತೊಬ್ಬರ ಸ್ವಾತಂತ್ರ್ಯವು ಉಳಿಯುವುದು ಸಾಧ್ಯವೆ? ಸಾಧ್ಯವಾದರೆ ಯಾವ ವಿಧದಿಂದ? ತಂದೆತಾಯಿಗಳು, ಉಪಾಧ್ಯಾಯರು, ಗೃಹಸ್ಥರು ಎಲ್ಲರೂ ದಿನದಿನವೂ ಎದುರಿಸುವ ಪ್ರಶ್ನೆಯಿದು. ಮಾತಿನಲ್ಲಿ ಕೇಳಿದರೆ ಗಹನವಾಗಿ ತೋರುವ ಈ ಪ್ರಶ್ನೆಗೆ ನೃತ್ಯಶಾಲೆಯಲ್ಲಿ ಬೆರಳುಗಳಿಂದ ಉತ್ತರ ಕೊಡಬೇಕಾಗುತ್ತದೆ.

ಈ ವಿದ್ಯೆಯ ಹಳೆಯ ಗ್ರಂಥಗಳಲ್ಲಿ ಪ್ರಸಿದ್ಧವಾದುದೊಂದು 1589ರಲ್ಲಿ ಫ್ರಾನ್ಸ್ ದೇಶದ ಲಾಂಗ್ರ್ ಪಟ್ಟಣದಲ್ಲಿ ಪ್ರಕಟವಾಯಿತು. ಇದನ್ನು ಬರೆದವನು ಒಬ್ಬ ಕ್ರೈಸ್ತ ಧರ್ಮಾಧಿಕಾರಿಯೆಂಬುದು ಆಶ್ಚರ್ಯದ ಸಂಗತಿ. ಜೆಆನ್ ತಬೂರೋ ಎಂಬ ಆತನು ತನ್ನ ಹೆಸರಿನ ಅಕ್ಷರಗಳನ್ನೇ ಹಿಂದುಮುಂದಾಗಿ ಜೋಡಿಸಿ ತ್ವಾನೋ ಆರ್ಬೋ ಎಂಬ ಕೃತಕನಾಮವನ್ನು ಇಟ್ಟುಕೊಂಡನು. ಆಗ ಆತನ ವಯಸ್ಸು ಎಪ್ಪತ್ತರ ಹತ್ತಿರ. ಗ್ರಂಥವು ಗುರುಶಿಷ್ಯ ಸಂವಾದರೂಪದಲ್ಲಿದೆ. ಕಾಪ್ರಿಯೋಲ್ ಎಂಬ ತರುಣ ನ್ಯಾಯಶಾಸ್ತ್ರಜ್ಞನು ಪ್ರಶ್ನಿಸುತ್ತಾನೆ, ವೃದ್ಧ ಗುರುವು ಉತ್ತರ ಕೊಡುತ್ತಾನೆ. ಅದರಲ್ಲಿ ವೋಲ್ಟಾ ಎಂಬ ಸುತ್ತುನೃತ್ಯದ ಪ್ರಸ್ತಾಪ ಬರುತ್ತದೆ. ಪುರುಷನು ಸಂಗಾತಿಯ ಸೊಂಟವನ್ನು ಹಿಡಿದು, ಆಕೆಯ ಕಂಚುಕದ ಮುಂಭಾಗದ ಕೆಳಗೆ ಕೈಯಾನಿಸಿ, ತೊಡೆಯ ನೆರವಿನಿಂದ ಆಕೆಯನ್ನು ಮೇಲೆತ್ತಿ ತಿರುಗಿಸಬೇಕು. ಹಿಡಿಯುವ ಕ್ರಮವನ್ನೆಲ್ಲ ವಿವರಿಸಿದ ಬಳಿಕ ಗುರುವು, ಇದು ಕುಲೀನ ಕನ್ಯೆಗೆ ಉಚಿತವೋ ಅಲ್ಲವೋ ಎಂಬ ನಿರ್ಣಯವನ್ನು ಶಿಷ್ಯನಿಗೇ ಬಿಟ್ಟುಬಿಡುತ್ತಾನೆ. ಹಿಡಿತದ ಪಾಠವೂ ಔಚಿತ್ಯದ ಪ್ರಶ್ನೆಯೂ ಒಂದೇ ಪುಟದಲ್ಲಿ ಕೂಡಿಕೊಂಡುದು ಹೀಗೆ.

ಮುಂದಿನ ಕಾಲದಲ್ಲಿ ಔಚಿತ್ಯವನ್ನು ಅಳೆಯುವ ಕೋಲು ದೂರವೇ ಆಯಿತು. ಫ್ರೆಂಚ್ ಆಸ್ಥಾನದಲ್ಲಿ ಮೆರೆದ ಮಿನುಯೆಟ್ ನೃತ್ಯದಲ್ಲಿ ಜೋಡಿಯು ಮೊದಲು ಬಲಗೈಗಳನ್ನು ನೀಡಿ ಸುತ್ತಬೇಕು, ಅನಂತರ ಎಡಗೈಗಳನ್ನು, ಕೊನೆಗೆ ಎರಡು ಕೈಗಳನ್ನೂ. ಪಿಯೆರ್ ರಾಮೋ ಎಂಬ ನೃತ್ಯಾಚಾರ್ಯನು 1725ರ ತನ್ನ ಗ್ರಂಥದಲ್ಲಿ ಈ ಕೈನೀಡಿಕೆಯ ಕ್ರಮವನ್ನು ಸಾವಧಾನವಾಗಿ ನಿರೂಪಿಸಿದ್ದಾನೆ. ಅಲ್ಲಿ ಕೈ ಕೈಯನ್ನು ಮುಟ್ಟುವುದು ಹೊರತು ಮೈಗೆ ಮೈ ಸೋಕುವುದಿಲ್ಲ. ಆಮೇಲೆ ಬಂದ ವಾಲ್ಟ್ಸ್ ನೃತ್ಯದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ತೋಳಿನಿಂದ ಬಳಸಿ ತಿರುಗತೊಡಗಿದಾಗ ದೊಡ್ಡ ಗದ್ದಲವೆದ್ದಿತು. 1816ರ ಜುಲೈ ತಿಂಗಳಲ್ಲಿ, ರಾಜಪ್ರತಿನಿಧಿಯಾಗಿದ್ದ ಇಂಗ್ಲೆಂಡಿನ ಯುವರಾಜನು ನಡೆಸಿದ ನರ್ತನಕೂಟದಲ್ಲಿ ವಾಲ್ಟ್ಸ್ ನಡೆಯಿತೆಂದು ಲಂಡನ್ನಿನ ಟೈಮ್ಸ್ ಪತ್ರಿಕೆಯು ಕಟುವಾಗಿ ಖಂಡಿಸಿತು. ಅದಕ್ಕೆ ಮೊದಲೇ, 1813ರಲ್ಲಿ, ಕವಿ ಬೈರನ್ನನು ಹೆಸರು ಮರೆಸಿಕೊಂಡು ಆ ನೃತ್ಯವನ್ನು ಪದ್ಯದಲ್ಲಿ ಪರಿಹಾಸ ಮಾಡಿದ್ದನು. ಸ್ವಂತ ನಡತೆಯ ವಿಷಯದಲ್ಲಿ ಲೋಕಾಪವಾದಕ್ಕೆ ಗುರಿಯಾದ ಬೈರನ್ನನೇ ಇಲ್ಲಿ ಮರ್ಯಾದೆಯ ಪಕ್ಷ ವಹಿಸಿದುದು ವಿನೋದಕರ. ಆದರೆ ಪತ್ರಿಕೆಯು ಖಂಡಿಸಿದ ಆ 1816ರಲ್ಲಿಯೇ ಥಾಮಸ್ ವಿಲ್ಸನ್ ಎಂಬ ಲಂಡನ್ನಿನ ನೃತ್ಯಶಿಕ್ಷಕನು ವಾಲ್ಟ್ಸನ್ನು ಸರಿಯಾಗಿ ಕುಣಿಯುವ ಬಗೆಯನ್ನು ಕುರಿತು ಗ್ರಂಥವನ್ನೇ ಪ್ರಕಟಿಸಿದನು. ಒಬ್ಬರು ನಿಂದಿಸುತ್ತಿರುವಾಗ ಮತ್ತೊಬ್ಬನು ಕಲಿಸುತ್ತಿದ್ದನು. ಇಬ್ಬರಲ್ಲಿ ಪ್ರಶ್ನೆಯ ಹತ್ತಿರಕ್ಕೆ ಹೋದವನು ಕಲಿಸಿದವನೇ ಎನ್ನಬೇಕು. ಏಕೆಂದರೆ ದೂರದಲ್ಲಿ ನಿಂತೇ ಒಬ್ಬರನ್ನು ಬಲಾತ್ಕರಿಸಬಹುದು, ಹತ್ತಿರದಲ್ಲಿದ್ದೂ ಗೌರವಿಸಬಹುದು. ಧರ್ಮಾಧರ್ಮಗಳ ಗಡಿಯು ಗೇಣಿನ ಲೆಕ್ಕದಲ್ಲಿಲ್ಲ, ಹಿಡಿಯುವ ರೀತಿಯಲ್ಲಿದೆ.

ಆ ರೀತಿಯಾದರೂ ಯಾವುದು? ಇಂದಿನ ನೃತ್ಯಶಾಲೆಗಳಲ್ಲಿ ಹೊಸಬರಿಗೆ ಹೇಳಿಕೊಡುವ ಹಿಡಿತಗಳು ಹೆಚ್ಚಲ್ಲ. ಎದುರುಬದುರಾಗಿ ನಿಂತು ಎರಡು ಕೈಗಳನ್ನೂ ಹಿಡಿಯುವುದೊಂದು. ಒಂದೇ ಕೈಯನ್ನು ಹಿಡಿಯುವುದೊಂದು. ಹಸ್ತಲಾಘವ ಕೊಡುವಂತೆ ಬಲಗೈಗೆ ಬಲಗೈಯನ್ನು ಸೇರಿಸುವುದೊಂದು. ಕೈಗಳನ್ನು ಒಂದರ ಮೇಲೊಂದು ಅಡ್ಡವಾಗಿ ತಂದು ಹಿಡಿಯುವುದೊಂದು. ಇವೆಲ್ಲ ತೆರೆದ ಹಿಡಿತಗಳು. ಮುಚ್ಚಿದ ಹಿಡಿತದಲ್ಲಿ ನಡೆಸುವವನ ಎಡಗೈಯಲ್ಲಿ ಸಂಗಾತಿಯ ಬಲಗೈ ಇರುತ್ತದೆ. ಆತನ ಬಲ ಅಂಗೈಯು ಸಂಗಾತಿಯ ಬೆನ್ನಿನ ಮೇಲೆ, ಎಡ ಹೆಗಲಿನ ಚಿಪ್ಪಿನ ಎಡೆಯಲ್ಲಿ ನಿಲ್ಲುತ್ತದೆ. ಸಂಗಾತಿಯ ಎಡಗೈಯು ಆತನ ಬಲತೋಳಿನ ಮೇಲೆ ಹಗುರವಾಗಿ ಒರಗುತ್ತದೆ. ಕೇಳುವುದಕ್ಕೆ ಇಷ್ಟೇ, ಆದರೆ ಇದನ್ನು ಅಭ್ಯಾಸ ಮಾಡುವಾಗ ಹೊಸಬನು ತಪ್ಪದೆ ಎರಡು ದೋಷಗಳಲ್ಲಿ ಒಂದಕ್ಕೆ ಒಳಗಾಗುತ್ತಾನೆ. ತನ್ನ ಮೇಲೆ ತನಗೆ ನಂಬಿಕೆ ಸಾಲದವನು ಸಂಗಾತಿಯ ಬೆರಳುಗಳನ್ನು ಹೆಬ್ಬೆರಳಿನಿಂದ ಅದುಮಿ ಹಿಡಿಯುತ್ತಾನೆ. ಸಂಕೋಚ ಹೆಚ್ಚಾದವನು ಸತ್ತ ಮೀನಿನಂತೆ ಕೈಯನ್ನು ಜೋಲುಬಿಡುತ್ತಾನೆ. ಶಿಕ್ಷಕರು ಇವೆರಡನ್ನೂ ಸಮಾನವಾಗಿ ತಿದ್ದುತ್ತಾರೆ.

ಅದುಮಿ ಹಿಡಿಯುವುದು ದೋಷವೇಕೆ ಎಂಬುದು ಮೊದಲು ವಿಚಾರಣೀಯ. ಕೈಯನ್ನೆತ್ತಿ ಅದರ ಅಡಿಯಲ್ಲಿ ಸಂಗಾತಿಯನ್ನು ಒಂದು ಸುತ್ತು ತಿರುಗಿಸುವ ಸರಳವಾದ ಪಟ್ಟನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ನಡೆಸುವವನು ಎರಡು ಮೂರು ಬೆರಳುಗಳನ್ನು ಮಾತ್ರ ಅಚ್ಚಿನಂತೆ ನೀಡಿದರೆ ಸಂಗಾತಿಯ ಕೈಯು ಅದರ ಸುತ್ತ ಸುಖವಾಗಿ ಹೊರಳುತ್ತದೆ. ಆತನು ಮುಷ್ಟಿ ಬಿಗಿದರೆ ಸಂಗಾತಿಯ ಮಣಿಕಟ್ಟು ಹೊರಳಲಾರದು. ಮೈ ತಿರುಗುತ್ತದೆ, ಕೈ ನಿಲ್ಲುತ್ತದೆ, ನೋವು ಭುಜಕ್ಕೇರುತ್ತದೆ. ಅಂದರೆ ನಡೆಸಬೇಕೆಂಬ ಹಟವೇ ನಡೆಯುವುದಕ್ಕೆ ಅಡ್ಡಿಯಾಗುತ್ತದೆ. ಇನ್ನೂ ಒಂದು ಕಾರಣವುಂಟು. ಬಲವಾಗಿ ಹಿಡಿದ ಕೈಗೆ ತನ್ನ ಬಲವಲ್ಲದೆ ಬೇರೇನೂ ತಿಳಿಯುವುದಿಲ್ಲ. ಸಂಗಾತಿಯ ಭಾರವು ಯಾವ ಕಾಲಿನ ಮೇಲಿದೆ, ಆಕೆಯು ಮುಂದಿನ ಹೆಜ್ಜೆಗೆ ಸಿದ್ಧಳಾಗಿದ್ದಾಳೆಯೆ ಎಂಬ ಸುದ್ದಿಯೆಲ್ಲ ಹಗುರವಾದ ಕೈಗೆ ಮಾತ್ರ ಬಂದು ಮುಟ್ಟುತ್ತದೆ.

ಹಗುರವಾದ ಸ್ಪರ್ಶದ ಈ ಮಹಿಮೆಗೆ ಆಧುನಿಕ ವಿಜ್ಞಾನವೂ ಸಾಕ್ಷಿ ನುಡಿದಿದೆ. ಜೆಕಾ ಮತ್ತು ಲ್ಯಾಕ್ನರ್ ಎಂಬ ಅಮೇರಿಕದ ಶೋಧಕರು 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಪಾದದ ಹಿಮ್ಮಡಿಗೆ ಮತ್ತೊಂದು ಪಾದದ ಬೆರಳುಗಳನ್ನು ತಾಗಿಸಿ ನಿಂತವರು ತೋರುಬೆರಳಿನಿಂದ ಸ್ಥಿರವಾದ ವಸ್ತುವೊಂದನ್ನು ಮೆಲ್ಲಗೆ ಮುಟ್ಟಬೇಕಾಗಿತ್ತು. ಆ ಸ್ಪರ್ಶದ ಒತ್ತಡವು ಒಂದು ನ್ಯೂಟನ್‌ಗಿಂತ ಕಡಮೆ, ಎಂದರೆ ಸುಮಾರು 100 ಗ್ರಾಂ ತೂಕದ ವಸ್ತುವಿನ ಭಾರಕ್ಕಿಂತ ಕಡಮೆ. ದೇಹವನ್ನು ಆತುಕೊಳ್ಳುವುದಕ್ಕೆ ಅಷ್ಟು ಬಲವು ಯಾವ ಲೆಕ್ಕಕ್ಕೂ ಬಾರದು. ಆದರೂ ಅವರ ಮೈಯ ತೂಗಾಟವು ಸ್ಪಷ್ಟವಾಗಿ ಇಳಿಯಿತು. ಬೆರಳ ತುದಿಯು ಅಲ್ಲಿ ಊರುಗೋಲಿನ ಕೆಲಸ ಮಾಡಲಿಲ್ಲ. ಮೈ ಎತ್ತ ವಾಲುತ್ತಿದೆಯೆಂಬ ಅರಿವನ್ನು ಕೊಟ್ಟಿತು, ಮೈಯೇ ತನ್ನನ್ನು ತಾನು ತಿದ್ದಿಕೊಂಡಿತು. ಮತ್ತೊಬ್ಬರಿಗೆ ನೀಡುವ ಕೈಯಿಂದಲೂ ಆಗಬೇಕಾದ ಉಪಕಾರವು ಬಹುಮಟ್ಟಿಗೆ ಇದೇ.

ಇನ್ನು ಜೋಲುಗೈಯ ದೋಷ. ಹಿಂಬಾಲಿಸುವವರು ತಮ್ಮನ್ನು ಸಂಪೂರ್ಣವಾಗಿ ಒಪ್ಪಿಸಿಬಿಡುವುದೇ ಒಳ್ಳೆಯ ಅನುಸರಣೆಯೆಂದು ಹೊರಗಿನವರಿಗೆ ತೋರಬಹುದು. ನೃತ್ಯಶಿಕ್ಷಕರು ಇದನ್ನು ಒಪ್ಪುವುದಿಲ್ಲ. ತೋಳುಗಳೂ ಬೆನ್ನೂ ಕೂಡಿ ಒಂದು ಚೌಕಟ್ಟಾಗಿ ನಿಂತಿರಬೇಕೆಂದು ಅವರ ವಿಧಿ. ನಡೆಸುವವನ ಮೈ ಮೊದಲು ಚಲಿಸುತ್ತದೆ. ಆ ಚಲನೆಯು ಚೌಕಟ್ಟಿನ ಮೂಲಕ ಸಂಗಾತಿಗೆ ತಿಳಿಯುತ್ತದೆ. ಕೈಯು ಆಜ್ಞೆಯನ್ನು ಹುಟ್ಟಿಸುವುದಿಲ್ಲ, ಸುದ್ದಿಯನ್ನು ಮುಟ್ಟಿಸುತ್ತದೆ. ತಂತಿಯು ಸಡಿಲವಾದ ವೀಣೆಯನ್ನು ಎಂತಹ ವೈಣಿಕನು ಮೀಟಿದರೂ ನಾದವಿಲ್ಲ. ಹಾಗೆಯೇ ಜೋಲುಬಿದ್ದ ಕೈಗೆ ಯಾವ ಸುದ್ದಿಯೂ ಮುಟ್ಟದು. ತನ್ನ ಭಾರವನ್ನು ತನ್ನ ಕಾಲ ಮೇಲೆಯೇ ಇರಿಸಿಕೊಂಡವರು ಮಾತ್ರ ಮತ್ತೊಬ್ಬರನ್ನು ಅನುಸರಿಸಬಲ್ಲರು. ಉಳಿದವರನ್ನು ಎಳೆಯಬೇಕಾಗುತ್ತದೆ. ಎಳೆಯುವುದು ನಡೆಸುವುದಲ್ಲ.

ಶ್ರೀವೈಷ್ಣವ ವೇದಾಂತಿಗಳಲ್ಲಿ ಪ್ರಸಿದ್ಧವಾದ ಎರಡು ನ್ಯಾಯಗಳನ್ನು ಇಲ್ಲಿ ಸ್ಮರಿಸುವುದು ಉಚಿತ. ತಾಯಿಬೆಕ್ಕು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಒಯ್ಯುತ್ತದೆ. ಮರಿಯ ಪ್ರಯತ್ನವೇನೂ ಇಲ್ಲ. ಇದು ಮಾರ್ಜಾಲಕಿಶೋರನ್ಯಾಯ. ಕೋತಿಯ ಮರಿಯಾದರೋ ತಾಯಿಯ ಹೊಟ್ಟೆಯನ್ನು ತಾನೇ ಬಿಗಿಯಾಗಿ ಅವುಚಿಕೊಂಡಿರುತ್ತದೆ, ಇದು ಮರ್ಕಟಕಿಶೋರನ್ಯಾಯ. ಭಗವಂತನ ಕೃಪೆಗೆ ಜೀವನ ಪ್ರಯತ್ನವು ಬೇಕೋ ಬೇಡವೋ ಎಂಬ ವಿಚಾರದಲ್ಲಿ ತೆಂಕಲೆ ಬಡಗಲೆ ಪಂಥಗಳವರು ಇವನ್ನು ದೃಷ್ಟಾಂತವಾಗಿ ಹೇಳುವರು. ಸರ್ವಶಕ್ತನಿಗೂ ಅಲ್ಪಶಕ್ತನಿಗೂ ಇರುವ ಸಂಬಂಧದಲ್ಲಿ ಅವು ಶೋಭಿಸುತ್ತವೆ. ಮನುಷ್ಯರಾದ ಇಬ್ಬರ ನಡುವೆ ಇವೆರಡೂ ಸಲ್ಲವು. ಬೆಕ್ಕಿನ ಹಿಡಿತದಲ್ಲಿ ಮರಿಗೆ ನಡೆಯುವ ಅವಕಾಶವಿಲ್ಲ. ಕೋತಿಮರಿಯ ಹಿಡಿತದಲ್ಲಿ ಬಿಡುವ ಧೈರ್ಯವಿಲ್ಲ. ಒಬ್ಬರೇ ಹಿಡಿಯುವುದಲ್ಲ, ಇಬ್ಬರೂ ಹಿಡಿಯುವುದು, ಇಬ್ಬರೂ ಬಿಡಬಲ್ಲವರಾಗಿದ್ದು ಹಿಡಿಯುವುದು ನೃತ್ಯದ ನ್ಯಾಯ. ಅದನ್ನು ಮೂರನೆಯ ನ್ಯಾಯವೆಂದು ಎಣಿಸಿದರೆ ತಪ್ಪಾಗಲಾರದು.

ಇದಕ್ಕೆ ಒಂದು ಆಕ್ಷೇಪವುಂಟು. ಹಗುರವಾಗಿ ಹಿಡಿಯುವುದೇ ಧರ್ಮವೆಂದಾದರೆ, ಬಿಗಿಯಾಗಿ ಹಿಡಿಯದೆ ಹೋದರೆ ಅನರ್ಥವಾಗುವ ಸಂದರ್ಭಗಳಲ್ಲಿ ಗತಿಯೇನು? ಈ ಆಕ್ಷೇಪಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ಉತ್ತರ ಕರ್ನಾಟಕ, ಮಹಾರಾಷ್ಟ್ರ, ಕೊಂಕಣ ಪ್ರಾಂತಗಳಲ್ಲಿ ಹೆಣ್ಣುಮಕ್ಕಳು ಹಬ್ಬಹರಿದಿನಗಳಲ್ಲಿ ಆಡುವ ಫುಗಡಿಯೂ ಒಂದು ಜೋಡಿನೃತ್ಯವೇ. ಅಡ್ಡಗೈಯ ಹಿಡಿತವು ಅಲ್ಲಿಯೂ ಇದೆ. ಇಬ್ಬರು ಗೆಳತಿಯರು ಕೈಗಳನ್ನು ಅಡ್ಡಲಾಗಿ ಸೇರಿಸಿ ಬಿಗಿಯಾಗಿ ಹಿಡಿದು, ಪಾದಗಳನ್ನು ಹತ್ತಿರವಿಟ್ಟು, ಮೈಯನ್ನು ಹಿಂದಕ್ಕೆ ಬಾಗಿಸಿ ಗರಗರನೆ ತಿರುಗುತ್ತಾರೆ. ಒಬ್ಬಳು ನಡುವೆ ಕೈ ಸಡಿಲಿಸಿದರೆ ಇಬ್ಬರೂ ನೆಲಕ್ಕೆ ಬೀಳುವರು. ಆದುದರಿಂದ ಅಲ್ಲಿ ಬಿಗಿಯೇ ಧರ್ಮ.

ಆದರೆ ಈ ನಿದರ್ಶನವು ಹಿಂದಿನ ಮಾತನ್ನು ಬಾಧಿಸುವುದಿಲ್ಲ, ಪೂರ್ಣಗೊಳಿಸುತ್ತದೆ. ಫುಗಡಿಯಲ್ಲಿ ಒಬ್ಬಳ ಭಾರವು ಮತ್ತೊಬ್ಬಳ ಕೈಯಲ್ಲಿರುತ್ತದೆ, ಮತ್ತೊಬ್ಬಳ ಭಾರವು ಇವಳ ಕೈಯಲ್ಲಿರುತ್ತದೆ. ಬಿಗಿಯು ಎರಡು ಕಡೆಯಿಂದಲೂ ಸಮವಾಗಿ ಬರುತ್ತದೆ. ಇಬ್ಬರೂ ಅದನ್ನು ಮೊದಲೇ ಒಪ್ಪಿರುತ್ತಾರೆ. ವೇಗ ತಗ್ಗಿದೊಡನೆ ಇಬ್ಬರೂ ಕೂಡಿಯೇ ಸಡಿಲಿಸುತ್ತಾರೆ. ಹೀಗಾಗಿ ಬಿಗಿಯಾದ ಹಿಡಿತವೆಲ್ಲವೂ ಬಲಾತ್ಕಾರವಲ್ಲ, ಸಡಿಲವಾದ ಹಿಡಿತವೆಲ್ಲವೂ ಗೌರವವಲ್ಲ. ಹಿಡಿತದ ಪ್ರಮಾಣವನ್ನು ನಿಶ್ಚಯಿಸತಕ್ಕದ್ದು ಹಿಡಿಯುವವನ ಭಯವೂ ಅಲ್ಲ, ಆಸೆಯೂ ಅಲ್ಲ. ಇಬ್ಬರ ನಡುವೆ ಆ ಕ್ಷಣದಲ್ಲಿರುವ ಭಾರ. ನಂದಿಕೇಶ್ವರನ ಅಭಿನಯದರ್ಪಣದಲ್ಲಿ ಹೇಳಿರುವ ಎರಡು ಸಂಯುತಹಸ್ತಗಳು ಈ ಸೂಕ್ಷ್ಮವನ್ನು ಕಣ್ಣಿಗೆ ಕಾಣಿಸುತ್ತವೆ. ಎರಡು ತೋರುಬೆರಳುಗಳನ್ನು ಕೊಂಡಿಯಂತೆ ಸೇರಿಸಿದರೆ ಅದು ಪಾಶಹಸ್ತ; ಕಲಹವನ್ನೂ ಹಗ್ಗವನ್ನೂ ಸರಪಣಿಯನ್ನೂ ಸೂಚಿಸುವುದಕ್ಕೆ ಅದರ ವಿನಿಯೋಗ. ಎರಡು ಕಿರುಬೆರಳುಗಳನ್ನು ಅದೇ ರೀತಿ ಸೇರಿಸಿದರೆ ಅದು ಕೀಲಕಹಸ್ತ; ಸ್ನೇಹವನ್ನೂ ಸರಸಸಂಭಾಷಣೆಯನ್ನೂ ಸೂಚಿಸುವುದಕ್ಕೆ ಅದರ ವಿನಿಯೋಗ. ಕೊಂಡಿಯ ಆಕಾರವು ಒಂದೇ. ಆಜ್ಞಾಪಿಸುವ ಬೆರಳಿನಲ್ಲಿ ಅದು ಪಾಶವಾಯಿತು. ಎಲ್ಲಕ್ಕಿಂತ ಬಲಹೀನವಾದ ಬೆರಳಿನಲ್ಲಿ ಸ್ನೇಹವಾಯಿತು.

ಹಿಡಿಯುವುದಕ್ಕೆ ಮೊದಲಿನ ಒಪ್ಪಿಗೆಯೂ ಹಿಡಿದ ಮೇಲಿನ ಬಿಡುಗಡೆಯೂ ಈ ವಿದ್ಯೆಯ ಅಂಗಗಳೇ ಆಗಿವೆ. ದಕ್ಷಿಣ ಅಮೇರಿಕದ ಬ್ಯೂನಸ್ ಐರಿಸ್, ಮಾಂಟೆವಿಡಿಯೋ ನಗರಗಳಲ್ಲಿ ಹುಟ್ಟಿ ಬೆಳೆದ ಟ್ಯಾಂಗೋ ನೃತ್ಯವನ್ನು ಯುನೆಸ್ಕೋ ಸಂಸ್ಥೆಯು 2009ರಲ್ಲಿ ಮಾನವಕುಲದ ಪರಂಪರೆಗಳ ಪಟ್ಟಿಯಲ್ಲಿ ಸೇರಿಸಿತು. ಅದರ ಹಿಡಿತಕ್ಕೆ ಅವರ ಭಾಷೆಯಲ್ಲಿ ಆಲಿಂಗನವೆಂದೇ ಹೆಸರು. ಹಿಡಿತವು ಅಷ್ಟು ನಿಕಟವಾಗಿರುವುದರಿಂದಲೋ ಏನೋ, ಆಹ್ವಾನದ ಕ್ರಮವು ಅಷ್ಟೇ ದೂರದ್ದು. ಸಭೆಯ ಒಂದು ಬದಿಯಲ್ಲಿರುವವನು ಮತ್ತೊಂದು ಬದಿಯಲ್ಲಿರುವವಳ ದೃಷ್ಟಿಯನ್ನು ಅರಸಿ ತಲೆಯನ್ನು ಸ್ವಲ್ಪ ಬಾಗಿಸುತ್ತಾನೆ. ಒಪ್ಪಿಗೆಯಿದ್ದರೆ ಆಕೆಯೂ ತಲೆಬಾಗುತ್ತಾಳೆ. ಇಲ್ಲದಿದ್ದರೆ ದೃಷ್ಟಿಯನ್ನು ಬೇರೆಡೆಗೆ ತಿರುಗಿಸುತ್ತಾಳೆ. ಯಾರ ಮಾನವೂ ಹೋಗುವುದಿಲ್ಲ, ಯಾರೂ ಒತ್ತಾಯಕ್ಕೆ ಸಿಕ್ಕುವುದಿಲ್ಲ.

ಬಿಡುಗಡೆಯ ಪಾಠಕ್ಕಾದರೋ ನ್ಯೂಯಾರ್ಕಿನ ಹಾರ್ಲೆಮ್ ಭಾಗದ ಸವಾಯ್ ನೃತ್ಯಶಾಲೆಯನ್ನು ನೆನೆಯಬೇಕು. 1926ರಲ್ಲಿ ತೆರೆದು 1958ರವರೆಗೆ ನಡೆದ ಆ ಶಾಲೆಯಲ್ಲಿ, ವರ್ಣಭೇದವು ಪ್ರಬಲವಾಗಿದ್ದ ಆ ಕಾಲದಲ್ಲಿಯೂ ಕರಿಯರೂ ಬಿಳಿಯರೂ ಒಂದೇ ನೆಲದ ಮೇಲೆ ಕುಣಿಯುತ್ತಿದ್ದರು. ಅಲ್ಲಿಯ ನೀಗ್ರೋ ಜನಾಂಗವೆಂದು ಆಗ ಕರೆಯಲ್ಪಡುತ್ತಿದ್ದ ಆಫ್ರಿಕನ್ ಅಮೇರಿಕನ್ನರು ಬೆಳೆಸಿದ ಲಿಂಡಿ ಹಾಪ್ ನೃತ್ಯದಲ್ಲಿ ಜೋಡಿಯು ಮುಚ್ಚಿದ ಹಿಡಿತದಿಂದ ಹೊರಬಿದ್ದು, ಒಂದೇ ಕೈಯ ಸಂಬಂಧವನ್ನು ಉಳಿಸಿಕೊಂಡು ತೋಳಳತೆಯ ದೂರಕ್ಕೆ ಸರಿಯುತ್ತದೆ. ಅಲ್ಲಿ ಇಬ್ಬರೂ ತಮ್ಮ ತಮ್ಮ ಪ್ರತಿಭೆಗೆ ತೋರಿದಂತೆ ಹೆಜ್ಜೆ ಹಾಕಿ ಮತ್ತೆ ಬಂದು ಸೇರುತ್ತಾರೆ. ಕನ್ನಡದಲ್ಲಿ ಕೈಬಿಡುವುದೆಂಬ ಮಾತಿಗೆ ತ್ಯಾಗವೆಂಬ ಕಠಿಣವಾದ ಅರ್ಥವೊಂದೇ ರೂಢಿಯಲ್ಲಿದೆ. ಮರಳಿ ಹಿಡಿಯುವ ನಂಬಿಕೆಯಿಂದ ಬಿಡುವುದಕ್ಕೂ ಒಂದು ಮಾತು ಬೇಕೆಂದು ಈ ನೃತ್ಯವನ್ನು ಕಂಡವರಿಗೆ ಅನ್ನಿಸದಿರದು.

ಇಷ್ಟಾದರೂ ನಡೆಸುವವನು ಪುರುಷನೇ, ನಡೆಯುವವಳು ಸ್ತ್ರೀಯೇ ಎಂಬ ನಿಯಮದಲ್ಲಿ ಅಸಮಾನತೆಯು ಉಳಿಯಿತಲ್ಲವೆ ಎಂದು ಕೇಳಬಹುದು. ಪ್ರಶ್ನೆಯು ನ್ಯಾಯವಾದುದೇ. ಈಚಿನ ದಿನಗಳಲ್ಲಿ ಅನೇಕ ನೃತ್ಯಶಾಲೆಗಳು ಪುರುಷ, ಸ್ತ್ರೀ ಎಂಬ ಹೆಸರುಗಳನ್ನು ಬಿಟ್ಟು ನಡೆಸುವವರು, ಅನುಸರಿಸುವವರು ಎಂಬ ಹೆಸರುಗಳನ್ನು ಇಟ್ಟುಕೊಂಡಿವೆ. ಯಾರು ಯಾವ ಪಾತ್ರವನ್ನಾದರೂ ಕಲಿಯಬಹುದು. ಎರಡನ್ನೂ ಬಲ್ಲವರೇ ಒಳ್ಳೆಯ ಶಿಕ್ಷಕರಾಗುತ್ತಾರೆ. ಒಮ್ಮೆ ತನ್ನ ಕೈಯನ್ನು ಪರರಿಗೆ ಕೊಟ್ಟು, ಅದುಮಿದಾಗ ಆಗುವ ನೋವನ್ನು ತಾನೇ ಅನುಭವಿಸಿದವನು ಮುಂದೆ ಮತ್ತೊಬ್ಬರ ಕೈಯನ್ನು ಅದುಮುವುದಕ್ಕೆ ಹಿಂಜರಿಯುತ್ತಾನೆ. ಅಧಿಕಾರದಲ್ಲಿರುವವರಿಗೆಲ್ಲ ಈ ಪಾಠವು ದೊರೆತರೆ ಲೋಕದ ಎಷ್ಟೋ ಕ್ಲೇಶಗಳು ಕಡಮೆಯಾಗುತ್ತಿದ್ದುವು.

ಕೈಹಿಡಿಯುವ ಕ್ರಮದಲ್ಲಿ ಭೇದಗಳನ್ನೆಣಿಸುವುದು ಭಾರತೀಯರಿಗೆ ಅಪರಿಚಿತವಲ್ಲ. ಆಶ್ವಲಾಯನ ಗೃಹ್ಯಸೂತ್ರದಲ್ಲಿ ಪಾಣಿಗ್ರಹಣದ ವಿಧಿಯನ್ನು ಹೇಳುವಾಗ, ಗಂಡುಮಕ್ಕಳನ್ನು ಬಯಸುವ ವರನು ವಧುವಿನ ಹೆಬ್ಬೆರಳನ್ನು ಮಾತ್ರ ಹಿಡಿಯಬೇಕೆಂದೂ, ಹೆಣ್ಣುಮಕ್ಕಳನ್ನು ಬಯಸುವವನು ಉಳಿದ ಬೆರಳುಗಳನ್ನು ಹಿಡಿಯಬೇಕೆಂದೂ, ಎರಡನ್ನೂ ಬಯಸುವವನು ಹೆಬ್ಬೆರಳು ಸಹಿತವಾಗಿ ಕೈಯನ್ನು ಹಿಡಿಯಬೇಕೆಂದೂ ವಿಧಿಸಿದೆ. ಸೂತ್ರಕಾರನು ಹಿಡಿಯುವವನ ಕಾಮನೆಯನ್ನು ವಿಚಾರಿಸಿದನು. ಕೈಯನ್ನು ಕೊಟ್ಟವಳ ಕಾಮನೆಯನ್ನು ಆ ಸೂತ್ರದಲ್ಲಿ ವಿಚಾರಿಸಲಿಲ್ಲ. ಅದನ್ನು ವಿಚಾರಿಸತಕ್ಕ ಭಾರವು ಗೃಹಸ್ಥನ ವಿವೇಕದ ಮೇಲೆ ಬಿದ್ದಿದೆ.

ನೃತ್ಯವು ಹಾಡು ಮುಗಿಯುವವರೆಗಿನ ಆಟ, ಸಂಸಾರವು ಆಯುಷ್ಯದ ಮಾತು. ಒಂದರ ನಿಯಮವು ಮತ್ತೊಂದಕ್ಕೆ ಹೇಗೆ ಅನ್ವಯಿಸುವುದು ಎಂಬ ಸಂದೇಹವು ಕೊನೆಗೆ ಉಳಿಯುತ್ತದೆ. ನೃತ್ಯದಲ್ಲಿ ಹಿಡಿತವು ಹಿತವಾಗದಿದ್ದರೆ ಹಾಡು ಮುಗಿದೊಡನೆ ಸಂಗಾತಿಯು ವಂದಿಸಿ ಹೊರಟುಹೋಗಬಹುದು. ಮನೆಯಲ್ಲಿ ಮಗುವು ಹೋಗಲಾರದು. ಪಾಠಶಾಲೆಯಲ್ಲಿ ವಿದ್ಯಾರ್ಥಿಯು ಹೋಗಲಾರನು. ಪತ್ನಿಯು ಹೋಗುವುದೂ ಸುಲಭವಲ್ಲ. ಬಿಟ್ಟುಹೋಗಬಲ್ಲವರ ಕೈಯನ್ನೇ ಇಷ್ಟು ಎಚ್ಚರದಿಂದ ಹಿಡಿಯಬೇಕೆಂದು ಒಂದು ವಿನೋದದ ಕಲೆಯು ವಿಧಿಸುವುದಾದರೆ, ಬಿಟ್ಟುಹೋಗಲಾರದವರ ಕೈಯನ್ನು ಹಿಡಿದವರಿಗೆ ಆ ಎಚ್ಚರವು ಇನ್ನೆಷ್ಟು ಹೆಚ್ಚಾಗಿ ಬೇಕು! ಮಗನನ್ನು ಓದಿಸುವವನು ತಾನು ಹಿಡಿದಿರುವುದು ಅವನ ಬೆರಳನ್ನೋ ಮಣಿಕಟ್ಟನ್ನೋ ಎಂದು ಆಗಾಗ ನೋಡಿಕೊಳ್ಳಬೇಕು. ಮಗಳ ವಿವಾಹವನ್ನು ನಿಶ್ಚಯಿಸುವವರು ಆಕೆಯ ದೃಷ್ಟಿಯು ಎತ್ತ ತಿರುಗಿತೆಂಬುದನ್ನು ಗಮನಿಸಬೇಕು. ವಯಸ್ಸಾದ ತಂದೆತಾಯಿಗಳನ್ನು ಮೆಟ್ಟಿಲು ಇಳಿಸುವ ಮಕ್ಕಳು ಕೂಡ, ಅವರ ತೋಳನ್ನು ತಾವು ಹಿಡಿದೆಳೆಯುವುದಕ್ಕಿಂತ ತಮ್ಮ ತೋಳನ್ನು ನೀಡಿ ಅವರೇ ಹಿಡಿದುಕೊಳ್ಳುವಂತೆ ನಿಂತರೆ, ಇಳಿಯುವವರ ಹೆಜ್ಜೆಯೂ ಗಟ್ಟಿಯಾಗುತ್ತದೆ, ಮಾನವೂ ಉಳಿಯುತ್ತದೆ.